ಜಗತ್ತನ್ನು ಮಾಡಿದವನು ಇದ್ದಾನಾ? ಒಂದೇ ಪ್ರಶ್ನೆಯನ್ನು ಹಲವು ಧರ್ಮಗಳಲ್ಲಿ ಓದುವ ಸಮಗ್ರ ಮಾರ್ಗದರ್ಶಿ

ಧರ್ಮದ ತತ್ತ್ವಶಾಸ್ತ್ರ ಎಂಬ ಹೆಸರಿನ ಪಠ್ಯಪುಸ್ತಕ ತೆರೆದರೆ ಮುಕ್ಕಾಲು ಭಾಗ ಯುರೋಪಿನ ಕ್ರೈಸ್ತ ಚಿಂತಕರದೇ ವಾದ ಇರುತ್ತದೆ. ಉಳಿದ ಜಗತ್ತಿಗೆಲ್ಲ ಸೇರಿಸಿ ಕೊನೆಯಲ್ಲಿ ಒಂದು ಅಧ್ಯಾಯ. ಅದು ಬೇಡ ಎಂದು ಭಾಷಣ ಕೇಳಲು ಹೋದರೆ ಇನ್ನೊಂದು ಕಷ್ಟ. "ಎಲ್ಲ ಧರ್ಮಗಳೂ ಹೇಳುವುದು ಒಂದೇ" ಎಂದು ಮೊದಲ ಐದು ನಿಮಿಷದಲ್ಲೇ ಮಾತು ಮುಗಿದುಹೋಗುತ್ತದೆ. ಎರಡರಲ್ಲೂ ನಿಜವಾದ ಜಗಳ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಹಳೆಯ ಪಂಡಿತರು ಮಾತ್ರ ಒಬ್ಬರನ್ನೊಬ್ಬರು ಸುಮ್ನೆ ಬಿಟ್ಟವರೇ ಅಲ್ಲ.

ಹಲವು ಸಂಸ್ಕೃತಿಗಳ ವಾದಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವುದಕ್ಕೆ ಒಂದು ಕ್ರಮ ಇಲ್ಲಿದೆ. ಉದಾಹರಣೆಗೆ ಒಂದೇ ಪ್ರಶ್ನೆ ತೆಗೆದುಕೊಂಡಿದ್ದೇನೆ: ಈ ಜಗತ್ತನ್ನು ಬುದ್ಧಿ ಇರುವ ಯಾರೋ ಮಾಡಿದ್ದಾರಾ? ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ದಪ್ಪ ನೋಟ್‌ಬುಕ್, ಕೆಲವು ತಿಂಗಳ ಬಿಡುವು, ಸಾಧ್ಯವಾದರೆ ನಿಮ್ಮ ಮಾತಿಗೆ ಸುಲಭವಾಗಿ ಒಪ್ಪದ ಒಬ್ಬ ಗೆಳೆಯ ಅಥವಾ ಗೆಳತಿ. ಸಂಸ್ಕೃತ, ಅರಬ್ಬಿ ಬರಲೇಬೇಕು ಅಂತಿಲ್ಲ. ಒಳ್ಳೆಯ ಅನುವಾದ ಸಾಕು.

ಹೆಜ್ಜೆ 1: ಧರ್ಮವನ್ನಲ್ಲ, ಪ್ರಶ್ನೆಯನ್ನು ಆರಿಸಿ

"ಹಿಂದೂ ಧರ್ಮ ಮತ್ತು ಇಸ್ಲಾಂ: ಒಂದು ಹೋಲಿಕೆ" ಎಂದು ಶುರು ಮಾಡಿದರೆ ಎಲ್ಲಿಗೂ ತಲುಪುವುದಿಲ್ಲ. ಹೋಲಿಸಬೇಕಾದ್ದು ಧರ್ಮ ಮತ್ತು ಧರ್ಮವನ್ನಲ್ಲ, ವಾದ ಮತ್ತು ವಾದವನ್ನು. ಒಂದೊಂದು ಧರ್ಮದ ಒಳಗೇ ಹತ್ತು ದನಿಗಳಿರುತ್ತವೆ.

ಮೀಮಾಂಸೆಯ, ಅಂದರೆ ವೇದದ ಕರ್ಮವಿಧಿಗಳನ್ನು ವಿಚಾರಿಸುವ ದರ್ಶನದ, ಕುಮಾರಿಲ ಭಟ್ಟನನ್ನೇ ನೋಡಿ. ಸುಮಾರು 7ನೇ ಶತಮಾನದವನು. ವೇದವನ್ನು ಇವನಷ್ಟು ಗಟ್ಟಿಯಾಗಿ ಸಮರ್ಥಿಸಿದವರು ಕಡಿಮೆ. ಆದರೆ ಜಗತ್ತನ್ನು ಈಶ್ವರ ಸೃಷ್ಟಿಸಿದ ಎಂಬುದನ್ನು ಶ್ಲೋಕವಾರ್ತಿಕದಲ್ಲಿ ಖಂಡಿಸುತ್ತಾನೆ. ಕರುಣೆಯಿಂದ ಸೃಷ್ಟಿಸಿದ ಅಂತೀರಾ? ಆಗ ಕರುಣೆ ತೋರಿಸಲು ಯಾರಿದ್ದರು? ಕರುಣೆಯೇ ಕಾರಣವಾಗಿದ್ದರೆ ಬರೀ ಸುಖವನ್ನೇ ಸೃಷ್ಟಿಸಬಹುದಿತ್ತಲ್ಲ? ಇನ್ನೊಂದು ಕಡೆ ಮಿಥಿಲೆಯ ಉದಯನ, 10-11ನೇ ಶತಮಾನದ ನೈಯಾಯಿಕ, ಅಂದರೆ ನ್ಯಾಯ ಎಂಬ ತರ್ಕದ ದರ್ಶನದವನು. ಅವನಿಗೂ ವೇದ ಪ್ರಮಾಣವೇ, ಅಂದರೆ ನಂಬಬಹುದಾದ ಜ್ಞಾನದ ಮೂಲ. ಆದರೆ ಈಶ್ವರನನ್ನು ತರ್ಕದಿಂದ ಸಾಧಿಸಲೆಂದೇ ನ್ಯಾಯಕುಸುಮಾಂಜಲಿ ಬರೆದ. ಈಗ "ಹಿಂದೂ ನಿಲುವು ಯಾವುದು" ಎಂದು ಕೇಳಿದರೆ ಏನು ಹೇಳುವುದು?

ಪ್ರಶ್ನೆ ಆರಿಸಿದ ಮೇಲೆ ಅದನ್ನು ಒಡೆಯಿರಿ. ನಮ್ಮ ಪ್ರಶ್ನೆಯಲ್ಲಿ ಎರಡು ಸೇರಿಕೊಂಡಿವೆ. ಒಂದು, ಮಾಡಿದವನು ಇದ್ದಾನಾ? ಎರಡು, ಇದ್ದಾನೆ ಎಂಬುದು ತರ್ಕದಿಂದ ಗೊತ್ತಾಗುತ್ತದಾ? ಇವನ್ನು ಬೇರೆ ಮಾಡದಿದ್ದರೆ ರಾಮಾನುಜಾಚಾರ್ಯರನ್ನು ತಪ್ಪು ಸಾಲಿನಲ್ಲಿ ಕೂರಿಸುತ್ತೀರಿ. ಮೊದಲನೆಯದಕ್ಕೆ ಅವರ ಉತ್ತರ ಖಂಡಿತ ಹೌದು, ಎರಡನೆಯದಕ್ಕೆ ಖಂಡಿತ ಇಲ್ಲ.

ಹೆಜ್ಜೆ 2: ಓದುವ ಪಟ್ಟಿಯಲ್ಲಿ ಜಗಳ ಇರಲಿ

ಪ್ರತಿ ಪರಂಪರೆಯಿಂದ ಒಬ್ಬ "ಪ್ರತಿನಿಧಿ"ಯನ್ನು ಆರಿಸಬೇಡಿ. ಪರಸ್ಪರ ಒಪ್ಪದ ಜೋಡಿಗಳನ್ನು ಆರಿಸಿ. ನನ್ನ ಪಟ್ಟಿ ಹೀಗಿದೆ. ಉದಯನನ ಎದುರು ಬೌದ್ಧ ಧರ್ಮಕೀರ್ತಿಯ ಪ್ರಮಾಣವಾರ್ತಿಕ. ಧರ್ಮಕೀರ್ತಿ ಉದಯನನಿಗಿಂತ ಹಳಬ, ಆದರೆ ಅವನ ಪ್ರಶ್ನೆಗಳಿಗೆ ನೈಯಾಯಿಕರು ಶತಮಾನಗಟ್ಟಲೆ ಉತ್ತರ ಕೊಡುತ್ತಲೇ ಇದ್ದರು. ಇಸ್ಲಾಮಿನಲ್ಲಿ ಗಜಾಲಿ (1058-1111) ಮತ್ತು ಅವನು ಟೀಕಿಸಿದ ತತ್ತ್ವಜ್ಞಾನಿ ಇಬ್ನ್ ಸೀನಾ. ಯುರೋಪಿನಲ್ಲಿ ಪಾದ್ರಿ ವಿಲಿಯಂ ಪೇಲಿ ಮತ್ತು ಸ್ಕಾಟ್‌ಲೆಂಡಿನ ಡೇವಿಡ್ ಹ್ಯೂಮ್.

ಕನ್ನಡದವರಿಗೆ ಇನ್ನೊಂದು ಬಾಗಿಲು ಮನೆಯ ಹತ್ತಿರವೇ ಇದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಆಚಾರ್ಯ ಜಿನಸೇನ ತನ್ನ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಒಂದೊಂದಾಗಿ ಪ್ರಶ್ನಿಸಿದ್ದಾನೆ. ಸೃಷ್ಟಿಗೆ ಮೊದಲು ಅವನು ಎಲ್ಲಿ ನಿಂತಿದ್ದ? ಯಾವ ಸಾಮಗ್ರಿ ಬಳಸಿದ? ಅವನು ಪೂರ್ಣನಾಗಿದ್ದರೆ ಸೃಷ್ಟಿಸಬೇಕೆಂಬ ಆಸೆ ಯಾಕೆ ಹುಟ್ಟಿತು? ಪಂಪ 941ರಲ್ಲಿ ಕನ್ನಡ ಆದಿಪುರಾಣ ಬರೆದದ್ದು ಈ ಜಿನಸೇನನ ಕೃತಿಯನ್ನು ಮುಂದಿಟ್ಟುಕೊಂಡೇ. ಕನ್ನಡದ ಆದಿಕವಿಯ ಬೆನ್ನ ಹಿಂದೆಯೇ ಇಂಥ ವಾದ ಇತ್ತು ಎಂಬುದು ಎಷ್ಟೋ ಸಾಹಿತ್ಯದ ವಿದ್ಯಾರ್ಥಿಗಳಿಗೂ ಗಮನಕ್ಕೆ ಬಂದಿರುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಓದಬೇಡಿ. ಮೊದಲ ಸುತ್ತಿಗೆ ಉದಯನ, ಧರ್ಮಕೀರ್ತಿ, ಹ್ಯೂಮ್ ಮೂವರೇ ಸಾಕು. ಮೂಲ ಗ್ರಂಥ ಇಡಿಯಾಗಿ ಬೇಕಿಲ್ಲ, ಸಂಬಂಧಪಟ್ಟ ಭಾಗ ಓದಿ. ನ್ಯಾಯಕುಸುಮಾಂಜಲಿಯಲ್ಲಾದರೆ ಒಂದನೇ ಮತ್ತು ಐದನೇ ಸ್ತಬಕ (ಅಧ್ಯಾಯ). ಪ್ರಮಾಣವಾರ್ತಿಕದಲ್ಲಿ ಪ್ರಮಾಣಸಿದ್ಧಿ ಎಂಬ ಅಧ್ಯಾಯದ ಆರಂಭ. ಹ್ಯೂಮ್ ದೇವರ ಬಗ್ಗೆ ಸಂಭಾಷಣೆಯ ರೂಪದಲ್ಲಿ ಬರೆದ ಸಂವಾದ ಚಿಕ್ಕದೇ, ಪೂರ್ತಿ ಓದಿಬಿಡಿ. ಅವನ ಬರಹ ಓದಲು ಖುಷಿಯೂ ಕೊಡುತ್ತದೆ. ಉದಯನನ ಬಗ್ಗೆ ಆ ಮಾತು ಹೇಳಲಾರೆ.

ಹೆಜ್ಜೆ 3: ವಾದವನ್ನು ಅದರದೇ ರೂಪದಲ್ಲಿ ಬರೆದುಕೊಳ್ಳಿ

ಇಲ್ಲಿ ಅವಸರ ಮಾಡಬೇಡಿ. ನಿಮ್ಮ ಅಭಿಪ್ರಾಯಕ್ಕೆ ಈ ಹೆಜ್ಜೆಯಲ್ಲಿ ಜಾಗ ಇಲ್ಲ. ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ನ್ಯಾಯವಾಗಿ ಹೇಳಿದ ಮೇಲಷ್ಟೇ ಸಿದ್ಧಾಂತ ಎಂಬುದು ನಮ್ಮ ಶಾಸ್ತ್ರಗಳ ಹಳೆಯ ಶಿಸ್ತು. ಸುಮಾರು 1030ರಲ್ಲಿ ಭಾರತದ ಬಗ್ಗೆ ಪುಸ್ತಕ ಬರೆದ ಅಲ್‌ಬಿರೂನಿಯೂ ಇದನ್ನೇ ಮಾಡಿದ. ತನ್ನದು ವಾದಕ್ಕಿಳಿಯುವ ಪುಸ್ತಕ ಅಲ್ಲ, ಹಿಂದೂಗಳು ಹೇಳುವುದನ್ನು ಅವರು ಹೇಳುವ ಹಾಗೇ ಮುಂದಿಡುತ್ತೇನೆ ಎಂದು ಮೊದಲೇ ಹೇಳಿಕೊಂಡ.

ನ್ಯಾಯದಲ್ಲಿ ಅನುಮಾನ ಎಂದರೆ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು. ಅದಕ್ಕೆ ಐದು ಅವಯವ, ಅಂದರೆ ಭಾಗ. ಕನ್ನಡದಲ್ಲಿ ಹೀಗೆ ಬರೆಯಬಹುದು:

ಪ್ರತಿಜ್ಞೆ: ಭೂಮಿ, ಮೊಳಕೆ ಮುಂತಾದವಕ್ಕೆ ಒಬ್ಬ ಕರ್ತೃ ಇದ್ದಾನೆ.
ಹೇತು: ಏಕೆಂದರೆ ಅವು ಕಾರ್ಯಗಳು, ಅಂದರೆ ಕಾರಣದಿಂದ ಹುಟ್ಟಿದವು.
ಉದಾಹರಣೆ: ಯಾವುದು ಕಾರ್ಯವೋ ಅದಕ್ಕೆ ಕರ್ತೃ ಇರುತ್ತಾನೆ, ಮಡಕೆಗೆ ಕುಂಬಾರ ಇರುವ ಹಾಗೆ.
ಉಪನಯ: ಭೂಮಿ, ಮೊಳಕೆ ಕೂಡ ಹಾಗೆಯೇ ಕಾರ್ಯಗಳು.
ನಿಗಮನ: ಆದ್ದರಿಂದ ಅವಕ್ಕೆ ಕರ್ತೃ ಇದ್ದಾನೆ.

ಉದಾಹರಣೆ ಇಲ್ಲದೆ ಈ ವಾದ ನಡೆಯುವುದಿಲ್ಲ ಎಂಬುದನ್ನು ಗಮನಿಸಿ. ಕಣ್ಣಾರೆ ಕಂಡ ಮಡಕೆ ಬೇಕು. ಇಡೀ ಭಾರ ನಿಂತಿರುವುದು ಅದರ ಮೇಲೆ. ಕಾರ್ಯತ್ವ ಉದಯನನಿಗೆ ಒಂದೇ ಹೇತು ಅಲ್ಲ. ಐದನೇ ಸ್ತಬಕದ ಮೊದಲ ಕಾರಿಕೆಯಲ್ಲಿ (ಶ್ಲೋಕದಲ್ಲಿ) ಬೇರೆ ಹೇತುಗಳನ್ನೂ ಪಟ್ಟಿ ಮಾಡುತ್ತಾನೆ. ಪರಮಾಣುಗಳನ್ನು ಸೇರಿಸುವವನು ಬೇಕು, ಜಗತ್ತು ಬೀಳದ ಹಾಗೆ ಹಿಡಿದಿರುವವನು ಬೇಕು, ವೇದವಾಕ್ಯಗಳನ್ನು ಹೇಳಿದವನು ಬೇಕು, ಹೀಗೆ. ಮೊದಲ ಸುತ್ತಿಗೆ ಕಾರ್ಯತ್ವ ಒಂದೇ ಸಾಕು.

ಗಜಾಲಿಯ ವಾದ ಮೂರೇ ಸಾಲು. ಹೊಸದಾಗಿ ಶುರುವಾದ ಪ್ರತಿಯೊಂದಕ್ಕೂ ಕಾರಣ ಇರುತ್ತದೆ. ಜಗತ್ತು ಹೊಸದಾಗಿ ಶುರುವಾದದ್ದು. ಆದ್ದರಿಂದ ಜಗತ್ತಿಗೆ ಕಾರಣ ಇದೆ. ಎರಡನೇ ಸಾಲಿಗೆ ಅವನು ತುಂಬ ಶ್ರಮ ಪಡುತ್ತಾನೆ. ಕಳೆದುಹೋದ ಕಾಲಕ್ಕೆ ಆರಂಭವೇ ಇಲ್ಲದಿದ್ದರೆ ಇಂದಿನ ದಿನ ಬರುವ ಮೊದಲು ಕೊನೆಯಿಲ್ಲದಷ್ಟು ಘಟನೆಗಳು ಮುಗಿದಿರಬೇಕು, ಕೊನೆಯಿಲ್ಲದ್ದು ಮುಗಿಯುವುದಾದರೂ ಹೇಗೆ ಎಂಬುದು ಅವನ ತಕರಾರು.

ಪೇಲಿಯ 1802ರ ಪುಸ್ತಕ ಬಯಲಿನಲ್ಲಿ ಬಿದ್ದಿರುವ ಗಡಿಯಾರದಿಂದ ಶುರುವಾಗುತ್ತದೆ. ಭಾಗಗಳು ಒಂದು ಉದ್ದೇಶಕ್ಕೆ ಹೊಂದಿಕೊಂಡಿವೆ, ಆದ್ದರಿಂದ ಮಾಡಿದವನು ಇರಬೇಕು. ಕಣ್ಣಿನ ರಚನೆಯೂ ಹಾಗೆಯೇ ಅಲ್ವಾ ಎಂದು ಮುಂದುವರಿಯುತ್ತಾನೆ.

ಮೂರನ್ನೂ ಪಕ್ಕಪಕ್ಕ ಇಟ್ಟಾಗ ಮೇಲುನೋಟಕ್ಕೆ "ಒಂದೇ ವಾದ" ಎನಿಸುತ್ತದೆ. ಅಲ್ಲ. ಉದಯನ ಹಿಡಿದಿರುವುದು ಕಾರ್ಯ ಎಂಬ ಗುಣವನ್ನು. ಗಜಾಲಿ ಹಿಡಿದಿರುವುದು ಆರಂಭವನ್ನು. ಪೇಲಿ ಹಿಡಿದಿರುವುದು ಉದ್ದೇಶಕ್ಕೆ ಹೊಂದಿಕೊಂಡ ಜೋಡಣೆಯನ್ನು. ನೈಯಾಯಿಕರಿಗೆ ಸೃಷ್ಟಿ ಮತ್ತು ಪ್ರಳಯ ಮತ್ತೆ ಮತ್ತೆ ಬರುತ್ತವೆ, ಒಂದು ಮೊಟ್ಟಮೊದಲ ಕ್ಷಣ ಎಂಬುದು ಅವರಿಗೆ ಬೇಕಾಗಿಯೇ ಇಲ್ಲ. ಗಜಾಲಿಗೆ ಅದಿಲ್ಲದೆ ವಾದವೇ ಇಲ್ಲ.

ಮಾಡಿದವನ ಅಳತೆಯನ್ನೂ ಬರೆದುಕೊಳ್ಳಿ. ನ್ಯಾಯದಲ್ಲಿ ಪರಮಾಣುಗಳು ನಿತ್ಯ, ಆತ್ಮಗಳು ನಿತ್ಯ, ಅವುಗಳ ಕರ್ಮವೂ ಇದ್ದೇ ಇರುತ್ತದೆ. ಈಶ್ವರ ಇವನ್ನೆಲ್ಲ ಜೋಡಿಸುತ್ತಾನೆ, ಕರ್ಮಕ್ಕೆ ತಕ್ಕ ಫಲ ಕೊಡುತ್ತಾನೆ. ಗಜಾಲಿಯ ಅಲ್ಲಾಹ್ ಏನೂ ಇಲ್ಲದಲ್ಲಿಂದ ಸೃಷ್ಟಿಸುತ್ತಾನೆ. ಘಾನಾದ ತತ್ತ್ವಜ್ಞಾನಿ ಕ್ವಾಸಿ ವಿರೆಡು (1931-2022) ತನ್ನ ಅಕಾನ್ ಜನರ ಬಗ್ಗೆ ಹೇಳುವುದನ್ನು ಇಲ್ಲಿಗೆ ತನ್ನಿ. ಅವನ ಪ್ರಕಾರ ಅಕಾನರ ಪರಮದೈವ ಇರುವ ಸಾಮಗ್ರಿಯಿಂದ ಜಗತ್ತನ್ನು ರೂಪಿಸಿದ ಶಿಲ್ಪಿ. ಶೂನ್ಯದಿಂದ ಹುಟ್ಟಿಸಿದ ಎಂಬ ಮಾತು ಆ ಚಿಂತನೆಗೆ ಹೊಂದುವುದೇ ಇಲ್ಲ. ಹಾಗಾದರೆ ಈ ಒಂದು ವಿಷಯದಲ್ಲಿ ಮಿಥಿಲೆಯ ಪಂಡಿತ ಉದಯನ ಬಗ್ದಾದಿನ ಪಂಡಿತ ಗಜಾಲಿಗಿಂತ ಪಶ್ಚಿಮ ಆಫ್ರಿಕಾಕ್ಕೆ ಹತ್ತಿರ. ಏಕದೇವ, ಬಹುದೇವ ಎಂದು ವಿಂಗಡಿಸಿ ಹೊರಟವರಿಗೆ ಇದು ಕಾಣುವುದಿಲ್ಲ.

ಹೆಜ್ಜೆ 4: ಎದುರಾಳಿಯನ್ನು ಹುಡುಕಿ

ಯಾವ ವಾದವೂ ಖಾಲಿ ಕೋಣೆಯಲ್ಲಿ ಹುಟ್ಟಿದ್ದಲ್ಲ. ಎದುರು ಯಾರಿದ್ದರು ಎಂದು ತಿಳಿಯದೆ ಓದಿದರೆ ಅರ್ಧ ಮಾತು ಕೇಳಿಸಿಕೊಂಡ ಹಾಗೆ.

ಧರ್ಮಕೀರ್ತಿ ಮಡಕೆಯನ್ನೇ ಹಿಡಿದುಕೊಳ್ಳುತ್ತಾನೆ. ಮಡಕೆಯಂಥ ಆಕಾರವನ್ನು ಕುಂಬಾರ ಮಾಡುವುದನ್ನು ನಾವು ಕಂಡಿದ್ದೇವೆ. ಆದ್ದರಿಂದ ಅಂಥದ್ದೇ ಆಕಾರ ಕಂಡರೆ ಕುಂಬಾರನನ್ನು ಊಹಿಸಬಹುದು. ಬೆಟ್ಟಕ್ಕೂ ಆಕಾರ ಇದೆ ನಿಜ. ಆದರೆ ಎರಡಕ್ಕೂ ಒಂದೇ ಹೆಸರು ಹೇಳಿದ ಮಾತ್ರಕ್ಕೆ ಎರಡೂ ಒಂದೇ ಜಾತಿ ಆಗುವುದಿಲ್ಲ. ಆಮೇಲೆ ಮರೆಯಲಾಗದ ಒಂದು ಏಟು. ಮಣ್ಣಿನ ಮಡಕೆಯನ್ನು ಕುಂಬಾರ ಮಾಡುತ್ತಾನೆ, ಹುತ್ತವೂ ಮಣ್ಣಿನದೇ, ಹಾಗಾದರೆ ಹುತ್ತವನ್ನೂ ಕುಂಬಾರ ಮಾಡಿದ ಅನ್ನುತ್ತೀರಾ?

ಇದಕ್ಕೆ ನೈಯಾಯಿಕರು ಸುಮ್ಮನಿರಲಿಲ್ಲ. ಎಲ್ಲ ಕಾರ್ಯಕ್ಕೂ ಕುಂಬಾರನೇ ಬೇಕು ಎಂದು ನಾವು ಹೇಳಿಲ್ಲ, ಯಾರೋ ಒಬ್ಬ ಕರ್ತೃ ಬೇಕು ಎಂದಷ್ಟೇ ಹೇಳಿದ್ದು ಎಂಬುದು ಅವರ ಉತ್ತರ. ಸರಿ, ಯಾರೂ ಬಿತ್ತದೆ ಹುಲ್ಲು ಬೆಳೆಯುತ್ತದಲ್ಲ, ಅಲ್ಲಿ ಕರ್ತೃ ಎಲ್ಲಿ? ಆ ಹುಲ್ಲಿನ ಬಗ್ಗೆಯೇ ಈಗ ವಾದ ನಡೆಯುತ್ತಿರುವುದು, ವಿವಾದದಲ್ಲಿರುವ ವಸ್ತುವನ್ನೇ ನಮ್ಮ ವಿರುದ್ಧ ಸಾಕ್ಷಿಯಾಗಿ ತರುವ ಹಾಗಿಲ್ಲ ಎನ್ನುತ್ತಾರೆ. ಜಾಣ ಉತ್ತರ. ಆದರೆ ಹಾಗೆ ಅಂದಮೇಲೆ ಅವರ ನಿಯಮವನ್ನು ಸುಳ್ಳು ಮಾಡಬಲ್ಲ ಉದಾಹರಣೆ ಜಗತ್ತಿನಲ್ಲಿ ಎಲ್ಲಿ ಉಳಿಯಿತು? ಈ ಎಳೆದಾಟವನ್ನು ನೋಟ್‌ಬುಕ್ಕಿನಲ್ಲಿ ಸಂಭಾಷಣೆಯಾಗಿಯೇ ಬರೆಯಿರಿ. ಗೆಳೆಯ ಒಂದು ಪಾತ್ರ ವಹಿಸಿದರೆ ಇನ್ನೂ ಒಳ್ಳೆಯದು. ವಾರದ ನಂತರ ಪಾತ್ರ ಬದಲಿಸಿಕೊಳ್ಳಿ.

ಈಗ ರಾಮಾನುಜರು ಮತ್ತು ಹ್ಯೂಮ್. ವೇದಾಂತದ ಮೂಲ ಗ್ರಂಥವಾದ ಬ್ರಹ್ಮಸೂತ್ರದ ಮೂರನೇ ಸೂತ್ರ, "ಶಾಸ್ತ್ರಯೋನಿತ್ವಾತ್". ಅದರ ಶ್ರೀಭಾಷ್ಯದಲ್ಲಿ ರಾಮಾನುಜರು ಈ ಅನುಮಾನವನ್ನು ಬಿಡಿಸಿ ಬಿಡಿಸಿ ಮುರಿಯುತ್ತಾರೆ. ಭೂಮಿ, ಸಮುದ್ರ ಎಲ್ಲವೂ ಕಾರ್ಯವೇ ಎಂದು ಇಟ್ಟುಕೊಳ್ಳೋಣ. ಎಲ್ಲವನ್ನೂ ಒಬ್ಬನೇ ಮಾಡಿದ, ಒಂದೇ ಸಲ ಮಾಡಿದ ಎನ್ನಲು ಆಧಾರ ಏನು? ನಾವು ಕಂಡ ಕರ್ತೃಗಳಿಗೆಲ್ಲ ದೇಹ ಇದೆ, ಅವರ ತಿಳಿವಳಿಕೆಗೆ ಮಿತಿ ಇದೆ. ಅವರನ್ನು ನೋಡಿ ದೇಹವಿಲ್ಲದ ಸರ್ವಜ್ಞನನ್ನು ಊಹಿಸುವುದು ಹೇಗೆ? ಹ್ಯೂಮ್‌ನ ಸಂವಾದ ಅಚ್ಚಾದದ್ದು 1779ರಲ್ಲಿ, ಅವನು ಸತ್ತು ಮೂರು ವರ್ಷದ ಮೇಲೆ. ಅದರಲ್ಲಿ ಫಿಲೋ ಎಂಬ ಪಾತ್ರ ಕೇಳುತ್ತದೆ: ಮನೆ, ಹಡಗು, ಊರು ಕಟ್ಟಲು ಎಷ್ಟೊಂದು ಜನ ಸೇರುತ್ತಾರೆ, ಜಗತ್ತನ್ನು ಹಲವು ದೇವರುಗಳು ಸೇರಿ ಮಾಡಿರಬಾರದೇಕೆ? ಜಗತ್ತು ಯಂತ್ರಕ್ಕಿಂತ ಪ್ರಾಣಿಯನ್ನೋ ಗಿಡವನ್ನೋ ಜಾಸ್ತಿ ಹೋಲುತ್ತದಲ್ಲ ಎಂದೂ ಅದೇ ಪಾತ್ರ ಕೇಳುತ್ತದೆ.

ಮೇಲುಕೋಟೆಯ ಆಚಾರ್ಯರಿಗೂ ಎಡಿನ್‌ಬರೋದ ಸಂಶಯವಾದಿಗೂ ಒಂದೇ ಆಕ್ಷೇಪ! ಇಲ್ಲಿ ಬರುವ ರೋಮಾಂಚನ ಸಹಜ. ಆದರೆ ಅಲ್ಲೇ ನಿಲ್ಲಬೇಡಿ. ಬಹಳ ಜನ ಅಲ್ಲೇ ನಿಂತು "ನಮ್ಮವರು ಇದನ್ನು ಮೊದಲೇ ಹೇಳಿದ್ದರು" ಎಂದು ಮಾತು ಮುಗಿಸುತ್ತಾರೆ.

ಹೆಜ್ಜೆ 5: ಈ ವಾದ ಅಲ್ಲಿ ಯಾವ ಕೆಲಸ ಮಾಡುತ್ತಿದೆ?

ಉಳಿದ ಹೆಜ್ಜೆಗಳಲ್ಲಿ ಸ್ವಲ್ಪ ಎಡವಿದರೂ ನಡೆಯುತ್ತದೆ. ಇದನ್ನು ಮಾತ್ರ ಬಿಡಬೇಡಿ. ಪ್ರತಿ ವಾದದ ಮುಂದೆ ಒಂದು ಸಾಲು ಬರೆಯಿರಿ: ಇದು ಗೆದ್ದರೆ ಇವನಿಗೆ ಏನು ಸಿಗುತ್ತದೆ? ಸೋತರೆ ಏನು ಕಳೆದುಕೊಳ್ಳುತ್ತಾನೆ?

ರಾಮಾನುಜರು ಅನುಮಾನವನ್ನು ಮುರಿದದ್ದು ಶಾಸ್ತ್ರಕ್ಕೆ ದಾರಿ ಮಾಡಲು. ಬ್ರಹ್ಮವನ್ನು ತರ್ಕದಿಂದಲೇ ತಿಳಿಯಬಹುದು ಎಂದಾದರೆ ಉಪನಿಷತ್ತು ಹೇಳುವುದರಲ್ಲಿ ಹೊಸದೇನು ಉಳಿಯಿತು? ತರ್ಕ ಸೋತಷ್ಟೂ ಅವರ ದೇವರು ಭದ್ರ. ಹ್ಯೂಮ್‌ನಲ್ಲಿ ತರ್ಕ ಸೋತ ಮೇಲೆ ಹಾಗೆ ಕೈಹಿಡಿಯುವ ಇನ್ನೊಂದು ಪ್ರಮಾಣ ಕಾದು ನಿಂತಿಲ್ಲ. ಆಕ್ಷೇಪ ಒಂದೇ, ಹೋಗುವ ಊರು ಬೇರೆ.

ಕುಮಾರಿಲನಿಗೆ ಸೃಷ್ಟಿಕರ್ತ ಯಾಕೆ ಬೇಡ? ವೇದ ಅಪೌರುಷೇಯ, ಅದನ್ನು ಯಾರೂ ಬರೆದಿಲ್ಲ ಎಂಬುದು ಅವನ ನೆಲೆ. ಬರೆದವನು ಇದ್ದರೆ ಅವನನ್ನು ನಂಬಬಹುದೇ ಎಂಬ ಪ್ರಶ್ನೆ ಏಳುತ್ತದೆ. ಉದಯನನಿಗೆ ಸರಿಯಾಗಿ ತಿರುಗುಮುರುಗು. ಸರ್ವಜ್ಞನಾದ ಈಶ್ವರ ಹೇಳಿದ್ದರಿಂದಲೇ ವೇದ ಪ್ರಮಾಣ. ಒಂದೇ ಗ್ರಂಥವನ್ನು ಉಳಿಸಲು ಒಬ್ಬನಿಗೆ ದೇವರು ಬೇಕು, ಇನ್ನೊಬ್ಬನಿಗೆ ದೇವರು ಅಡ್ಡಿ.

ಧರ್ಮಕೀರ್ತಿಯ ಹುತ್ತದ ಮಾತು ಬರುವುದು ಬುದ್ಧನೇ ಪ್ರಮಾಣ ಎಂದು ಸ್ಥಾಪಿಸುವ ಅಧ್ಯಾಯದಲ್ಲಿ. ಬದಲಾವಣೆಯೇ ಇಲ್ಲದ ನಿತ್ಯ ಈಶ್ವರನನ್ನು ಬದಿಗೆ ಸರಿಸಿ, ಕರುಣೆಯಿಂದ ಅಭ್ಯಾಸ ಮಾಡಿ ಬೆಳೆದ ಬುದ್ಧನನ್ನು ಆ ಜಾಗಕ್ಕೆ ತರುತ್ತಿದ್ದಾನೆ. ಆ ಸಾಲುಗಳನ್ನು ಮಾತ್ರ ಕತ್ತರಿಸಿ "ಪ್ರಾಚೀನ ಭಾರತದ ನಾಸ್ತಿಕತೆ" ಎಂದು ಲೇಬಲ್ ಅಂಟಿಸಿದರೆ ಅಧ್ಯಾಯದ ಜೀವವೇ ಹೋಯಿತು.

ಉದಯನನದು ಇನ್ನೂ ಸ್ವಾರಸ್ಯ. ಗ್ರಂಥದ ಆರಂಭದಲ್ಲೇ ಅವನು ಒಂದು ಪ್ರಶ್ನೆ ಹಾಕಿಕೊಳ್ಳುತ್ತಾನೆ. ಶೈವರು ಶಿವ ಎನ್ನುತ್ತಾರೆ, ಬೌದ್ಧರು, ಮೀಮಾಂಸಕರು ತಮ್ಮ ತಮ್ಮ ಹೆಸರು ಹೇಳುತ್ತಾರೆ, ಕುಶಲಕರ್ಮಿಗಳೂ ವಿಶ್ವಕರ್ಮ ಎನ್ನುತ್ತಾರೆ. ಯಾರಿಗೂ ಸಂಶಯವೇ ಇಲ್ಲದ ಮೇಲೆ ಈ ವಿಚಾರ ಯಾಕೆ? ಅವನ ಉತ್ತರ: ಈ ತರ್ಕದ ಚರ್ಚೆಯೇ ಒಂದು ಉಪಾಸನೆ, ಶ್ರವಣದ (ಶಾಸ್ತ್ರ ಕೇಳುವುದರ) ನಂತರ ಬರುವ ಮನನ. ಅಂದರೆ ನಂಬದವನನ್ನು ನಂಬಿಸುವುದು ಮಾತ್ರ ಇದರ ಕೆಲಸ ಅಲ್ಲ. ಇವತ್ತಿನ ತರಗತಿಯಲ್ಲಿ "ದೇವರ ಅಸ್ತಿತ್ವದ ವಾದಗಳು" ಎಂಬ ತಲೆಬರಹದಡಿ ಇದನ್ನು ಸೇರಿಸುವಾಗ ಮೊದಲು ಉದುರಿಹೋಗುವುದೇ ಈ ಭಾಗ.

ಇಸ್ಲಾಮಿನ ಕಡೆಯೂ ಇದೇ ಪರೀಕ್ಷೆ ಮಾಡಿ. ಗಜಾಲಿಯ ಎದುರಾಳಿ ನಾಸ್ತಿಕ ಅಲ್ಲ. ಇಬ್ನ್ ಸೀನಾ ದೇವರನ್ನು ಒಪ್ಪಿದವನು. ಆದರೆ ಜಗತ್ತಿಗೆ ಕಾಲದಲ್ಲಿ ಆರಂಭ ಇಲ್ಲ, ಅದು ಸದಾ ದೇವರನ್ನು ಆಧರಿಸಿಯೇ ಇದೆ ಎಂದವನು. ದೇವರು ಇಚ್ಛೆಪಟ್ಟು ಮಾಡಿದನೇ ಅಥವಾ ಸೂರ್ಯನಿಂದ ಬೆಳಕು ಬರುವ ಹಾಗೆ ಜಗತ್ತು ತಾನಾಗಿ ಹೊರಟಿತೇ ಎಂಬುದು ಅಲ್ಲಿಯ ಜಗಳ. ಗಜಾಲಿಗೆ ಬೇಕಾದದ್ದು ಸ್ವತಂತ್ರ ಇಚ್ಛೆಯ ದೇವರು. ಮುಂದೆ ಕಾರ್ಡೋಬಾದ ಇಬ್ನ್ ರುಶ್ದ್ ಗಜಾಲಿಗೆ ಸಾಲುಸಾಲಾಗಿ ಉತ್ತರ ಕೊಟ್ಟ. ಕ್ರೈಸ್ತ ಥಾಮಸ್ ಅಕ್ವಿನಾಸ್ (1225-1274) ಜಗತ್ತಿಗೆ ಆರಂಭ ಇದೆ ಎಂದು ನಂಬಿದ್ದ. ಆದರೆ ಅದು ವಿಶ್ವಾಸದ ವಿಷಯ, ತರ್ಕದಿಂದ ಸಾಧಿಸಲಾಗದು ಎಂದ. ಆಸ್ತಿಕ, ನಾಸ್ತಿಕ ಎಂಬ ಎರಡೇ ಪೆಟ್ಟಿಗೆ ಇಟ್ಟುಕೊಂಡರೆ ಇವರೆಲ್ಲ ಒಂದೇ ಪೆಟ್ಟಿಗೆಗೆ ಬೀಳುತ್ತಾರೆ, ಜಗಳ ಮಾಯವಾಗುತ್ತದೆ.

ಕೆಲಸದ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಒಂದು ಕಡೆ ದೇವರು ಮಾಡುವ ಕೆಲಸವನ್ನು ಇನ್ನೊಂದು ಕಡೆ ಯಾರು ಮಾಡುತ್ತಾರೆ? ಹೀಗೆ ಕೇಳುವುದನ್ನು ಒಂದು ಪದ್ಧತಿಯಾಗಿ ಬೆಳೆಸಿದವನು ರೈಮನ್ ಪಣಿಕ್ಕರ್ (1918-2010). ತಂದೆ ಭಾರತೀಯ, ತಾಯಿ ಕ್ಯಾಟಲನ್. 1950ರ ದಶಕದಲ್ಲಿ ಮೈಸೂರು ಮತ್ತು ಕಾಶಿಯಲ್ಲಿ ಓದಿದ ಕ್ಯಾಥೊಲಿಕ್ ಪಾದ್ರಿ. ನಮ್ಮ ಉದಾಹರಣೆಗೆ ಹಚ್ಚಿ ನೋಡಿ. ಇವತ್ತು ಮಾಡಿದ ಕರ್ಮ ಎಷ್ಟೋ ಕಾಲದ ಮೇಲೆ ಫಲ ಕೊಡಬೇಕು. ನ್ಯಾಯದಲ್ಲಿ ಅದರ ಮೇಲ್ವಿಚಾರಣೆ ಈಶ್ವರನದು. ಕುಮಾರಿಲನಲ್ಲಿ ಅದನ್ನು ಅಪೂರ್ವ ಎಂಬ ಶಕ್ತಿ ನೋಡಿಕೊಳ್ಳುತ್ತದೆ. ಜೈನರಲ್ಲಿ ಕರ್ಮ ಎಂಬ ಸೂಕ್ಷ್ಮ ದ್ರವ್ಯವೇ ಆತ್ಮಕ್ಕೆ ಅಂಟಿಕೊಂಡು ತಾನಾಗಿ ಫಲ ಕೊಡುತ್ತದೆ. ಜಾಗ ಒಂದೇ, ಕೂತವರು ಬೇರೆ ಬೇರೆ.

ಹೆಜ್ಜೆ 6: ಶಾಸ್ತ್ರಗ್ರಂಥ ಇಲ್ಲದವರನ್ನು ಬಿಡಬೇಡಿ

ಇಲ್ಲಿಯವರೆಗೆ ಬಂದವರೆಲ್ಲ ಪುಸ್ತಕ ಬರೆದವರು. ಆದರೆ ಚಿಂತನೆ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ. ಕೀನ್ಯಾದ ತತ್ತ್ವಜ್ಞಾನಿ ಒಡೆರಾ ಒರುಕಾ ಹಳ್ಳಿಗಳ ತಿಳಿದವರನ್ನು ಕೂರಿಸಿಕೊಂಡು ದೇವರು, ಸಾವು, ನ್ಯಾಯದ ಬಗ್ಗೆ ಪ್ರಶ್ನೆ ಕೇಳಿ ದಾಖಲಿಸಿದ. ಅವರು ಊರಿನ ನಂಬಿಕೆಯನ್ನು ಒಪ್ಪಿಸುವವರಷ್ಟೇ ಅಲ್ಲ, ಅದನ್ನು ಪ್ರಶ್ನಿಸುವವರೂ ಹೌದು ಎಂದು ತೋರಿಸಲು.

ನಮ್ಮಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲೂ ಜಗತ್ತು ಸೃಷ್ಟಿಯಾದ ಕಥೆ ಬರುತ್ತದೆ. ಅದನ್ನು ಐದು ಅವಯವದ ಅನುಮಾನಕ್ಕೆ ಎಳೆದು ಕೂರಿಸಬೇಡಿ. ಕಥೆ ಕಥೆಯಾಗಿಯೇ ಏನು ಹೇಳುತ್ತದೆ, ಯಾರು ಹಾಡುತ್ತಾರೆ, ಯಾವಾಗ ಹಾಡುತ್ತಾರೆ, ಕೇಳುವವರು ಯಾರು ಎಂದು ನೋಡಿ. ಹೆಜ್ಜೆ 5ರ ಪ್ರಶ್ನೆ ಇಲ್ಲೂ ಕೆಲಸ ಮಾಡುತ್ತದೆ, ಹೆಜ್ಜೆ 3 ಮಾಡುವುದಿಲ್ಲ.

ಹೆಜ್ಜೆ 7: ಮೂರು ಗುಂಡಿಗಳು

ಮೊದಲನೆಯದು, "ಎಲ್ಲ ಒಂದೇ". ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಾಸನದಲ್ಲಿರುವ "ಯಂ ಶೈವಾಃ ಸಮುಪಾಸತೇ" ಶ್ಲೋಕ ನಿಮಗೆ ಗೊತ್ತಿರಬಹುದು. ಶೈವರು ಶಿವ ಎಂದು, ವೇದಾಂತಿಗಳು ಬ್ರಹ್ಮ ಎಂದು, ಬೌದ್ಧರು ಬುದ್ಧ ಎಂದು, ನೈಯಾಯಿಕರು ಕರ್ತೃ ಎಂದು, ಜೈನರು ಅರ್ಹನ್ ಎಂದು, ಮೀಮಾಂಸಕರು ಕರ್ಮ ಎಂದು ಉಪಾಸಿಸುವವನು ಯಾರೋ ಅವನು ನಿಮಗೆ ಬೇಡಿದ್ದನ್ನು ಕೊಡಲಿ ಎಂಬುದು ಅದರ ತಿರುಳು. ಸೌಹಾರ್ದಕ್ಕೆ ಬಹಳ ಚಂದದ ಶ್ಲೋಕ. ಆದರೆ ಅವನು ಯಾರು? ಶ್ಲೋಕದ ಕೊನೆಗೆ ಹೆಸರು ಇದೆ, ಕೇಶವ, ಅಂದರೆ ವಿಷ್ಣು. ಎಲ್ಲರನ್ನೂ ಒಳಗೆ ಕರೆದುಕೊಳ್ಳುವ ಮನೆಗೂ ಒಬ್ಬ ಯಜಮಾನ ಇರುತ್ತಾನೆ. ಅದು ತಪ್ಪಲ್ಲ. ಯಜಮಾನ ಇಲ್ಲ ಎಂದು ನಟಿಸುವುದು ತಪ್ಪು.

ಎರಡನೆಯದು ಮೆಟ್ಟಿಲು. 14ನೇ ಶತಮಾನದ ವಿಜಯನಗರದ ಕಾಲದ ಸರ್ವದರ್ಶನಸಂಗ್ರಹ 16 ದರ್ಶನಗಳನ್ನು ವಿವರಿಸುತ್ತದೆ. ಕಣ್ಣಿಗೆ ಕಂಡದ್ದನ್ನಷ್ಟೇ ಒಪ್ಪುವ ಚಾರ್ವಾಕರಿಂದ ಶುರುವಾಗಿ ಶಂಕರರ ಅದ್ವೈತದಲ್ಲಿ ಮುಗಿಯುತ್ತದೆ. ಈ ಸಾಲು ಸುಮ್ನೆ ಬಂದದ್ದಲ್ಲ. ಮೈಸೂರಿನಲ್ಲಿ 1918ರಿಂದ ಕೆಲವು ವರ್ಷ ಪಾಠ ಹೇಳಿ ಮುಂದೆ ಆಕ್ಸ್‌ಫರ್ಡಿಗೆ ಹೋದ ರಾಧಾಕೃಷ್ಣನ್ ಅವರ ಬರಹದಲ್ಲೂ ಜಗತ್ತಿನ ಧರ್ಮಗಳು ಕೊನೆಗೆ ವೇದಾಂತದ ಕಡೆಗೇ ನಡೆಯುತ್ತವೆ. ಓದಬೇಡಿ ಎನ್ನುತ್ತಿಲ್ಲ. ಓದುವಾಗ ಮೆಟ್ಟಿಲು ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. 8ನೇ ಶತಮಾನದ ಜೈನ ಹರಿಭದ್ರನ ಷಡ್ದರ್ಶನಸಮುಚ್ಚಯದ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹರಿಭದ್ರನದೇ ಎಂದು ಪ್ರಸಿದ್ಧವಾದ ಮಾತು ಒಂದಿದೆ: ಮಹಾವೀರನ ಮೇಲೆ ನನಗೆ ಪಕ್ಷಪಾತ ಇಲ್ಲ, ಸಾಂಖ್ಯದ ಕಪಿಲ ಮುಂತಾದವರ ಮೇಲೆ ದ್ವೇಷ ಇಲ್ಲ, ಯಾರ ಮಾತು ಯುಕ್ತವೋ ಅದನ್ನು ಒಪ್ಪಬೇಕು.

ಮೂರನೆಯದು ಇದಕ್ಕೆ ಉಲ್ಟಾ. ಹೋಲಿಸುವುದೇ ಸಾಧ್ಯವಿಲ್ಲ, ಅವರವರ ಲೋಕ ಅವರವರಿಗೆ ಎಂದು ಕೈಚೆಲ್ಲುವುದು. ಬೆಂಗಳೂರು ಮೂಲದ ಎಸ್. ಎನ್. ಬಾಲಗಂಗಾಧರ ಬೆಲ್ಜಿಯಂನ ಘೆಂಟ್‌ನಲ್ಲಿದ್ದುಕೊಂಡು 1994ರಲ್ಲಿ ಎತ್ತಿದ ಪ್ರಶ್ನೆ ಗಂಭೀರವಾದದ್ದೇ. ರಿಲಿಜನ್ ಎಂಬ ಚೌಕಟ್ಟು ಕ್ರೈಸ್ತ ಚಿಂತನೆಯಿಂದ ಬಂದದ್ದು, ಭಾರತದ ಸಂಪ್ರದಾಯಗಳನ್ನು ಅದರಲ್ಲಿ ಕೂರಿಸಲಾಗದು ಎಂಬುದು ಅವರ ವಾದ. ಚೌಕಟ್ಟಿನ ಬಗ್ಗೆ ಎಚ್ಚರ ಇರಬೇಕು, ಒಪ್ಪುತ್ತೇನೆ. ಆದರೆ ಧರ್ಮಕೀರ್ತಿ ಮತ್ತು ನೈಯಾಯಿಕರು ಯಾವ ಪಾಶ್ಚಾತ್ಯ ಚೌಕಟ್ಟಿನ ಸಹಾಯವೂ ಇಲ್ಲದೆ ಶತಮಾನಗಳ ಕಾಲ ಈ ಒಂದು ಪ್ರಶ್ನೆಗೆ ಹೊಡೆದಾಡಿದ್ದಾರೆ. ದೊಡ್ಡ ಚೌಕಟ್ಟು ಬಿಟ್ಟು ಚಿಕ್ಕ ಪ್ರಶ್ನೆ ಹಿಡಿಯಿರಿ ಎಂದು ಮೊದಲ ಹೆಜ್ಜೆಯಲ್ಲಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಹೆಜ್ಜೆ 8: ಒಂದು ಮನೆಯ ಆಕ್ಷೇಪವನ್ನು ಇನ್ನೊಂದು ಮನೆಗೆ ಒಯ್ಯಿರಿ

ಈಗ ನೀವು ತೀರ್ಪು ಕೊಡಬಹುದು. ಅದಕ್ಕೆ ಒಳ್ಳೆಯ ವಿಧಾನ ಎಂದರೆ ಎಂದೂ ಎದುರಾಗದ ಇಬ್ಬರನ್ನು ಎದುರುಬದುರು ಕೂರಿಸುವುದು.

ಕುಮಾರಿಲನ ಪ್ರಶ್ನೆ, "ಕರುಣೆ ತೋರಿಸಲು ಯಾರಿದ್ದರು?" ಇದನ್ನು ಉದಯನನ ಮೇಲೆ ಎಸೆಯಿರಿ. ಅಷ್ಟಾಗಿ ತಾಕುವುದಿಲ್ಲ. ಪ್ರಳಯದಲ್ಲೂ ಆತ್ಮಗಳು ತಮ್ಮ ಕರ್ಮದ ಸಮೇತ ಇದ್ದೇ ಇರುತ್ತವೆ ಎಂದು ಅವನು ತಪ್ಪಿಸಿಕೊಳ್ಳುತ್ತಾನೆ. ಅದೇ ಪ್ರಶ್ನೆಯನ್ನು ಶೂನ್ಯದಿಂದ ಸೃಷ್ಟಿ ಎನ್ನುವವರ ಮೇಲೆ ಎಸೆದರೆ? ಜೋರಾಗಿಯೇ ತಾಕುತ್ತದೆ. ಅವರು ಕರುಣೆಯನ್ನು ಬಿಟ್ಟು ಇಚ್ಛೆ ಎನ್ನಬೇಕಾಗುತ್ತದೆ, ಗಜಾಲಿ ಹೋಗುವುದು ಆ ಕಡೆಗೇ. ರಾಮಾನುಜರ "ಒಬ್ಬನೇ ಯಾಕೆ?" ಎಂಬುದನ್ನು ಗಜಾಲಿಯ ಮೂರು ಸಾಲಿಗೆ ಕೇಳಿ. ಆ ಮೂರು ಸಾಲಿನಿಂದ ಸಿಗುವುದು ಒಂದು ಕಾರಣ ಅಷ್ಟೇ. ಅದು ಒಂದೇ, ಅದಕ್ಕೆ ಇಚ್ಛೆ ಇದೆ ಎನ್ನಲು ಬೇರೆ ವಾದ ಬೇಕು, ಗಜಾಲಿಗೂ ಅದು ಗೊತ್ತಿತ್ತು.

ಚೀನಾದ ಗುವೊ ಶಿಯಾಂಗ್‌ನನ್ನು ಈ ಹೆಜ್ಜೆಗೆಂದೇ ಉಳಿಸಿಕೊಂಡಿದ್ದೆ. 312ರಲ್ಲಿ ತೀರಿಕೊಂಡವನು, ಜ್ವಾಂಗ್‌ಝಿ ಎಂಬ ದಾವೊ ಪರಂಪರೆಯ ಗ್ರಂಥಕ್ಕೆ ವ್ಯಾಖ್ಯಾನ ಬರೆದವನು. ವಸ್ತುಗಳನ್ನು ಮಾಡಿದವನು ಇದ್ದಾನೋ ಇಲ್ಲವೋ ಎಂದು ನೇರವಾಗಿ ಕೇಳುತ್ತಾನೆ. ಇಲ್ಲ ಎಂದಾದರೆ ಮಾಡುವುದು ಹೇಗೆ? ಇದ್ದಾನೆ ಎಂದಾದರೆ ಅವನೂ ಒಂದು ವಸ್ತುವೇ, ಇಷ್ಟೆಲ್ಲ ರೂಪಗಳನ್ನು ಅವನೊಬ್ಬನಿಂದ ತರಲಾದೀತೇ? ಪ್ರತಿಯೊಂದೂ ತನ್ನಷ್ಟಕ್ಕೆ ತಾನೇ ಆಗುತ್ತದೆ ಎಂಬುದು ಅವನ ಉತ್ತರ. ಇದನ್ನು ಉದಯನನ ಮುಂದಿಟ್ಟರೆ ಅವನು ಒಪ್ಪುವುದಿಲ್ಲ. ಕಾರಣವಿಲ್ಲದೆ ಆಗುವುದಾದರೆ ಯಾವುದು ಯಾವಾಗ ಬೇಕಾದರೂ ಆಗಬೇಕಿತ್ತು, ಹಾಗೆ ಆಗುತ್ತಿಲ್ಲವಲ್ಲ ಎಂಬ ಉತ್ತರ ನ್ಯಾಯಕುಸುಮಾಂಜಲಿಯ ಒಂದನೇ ಸ್ತಬಕದಲ್ಲಿ ಸಿದ್ಧವಾಗಿದೆ. ಚಾರ್ವಾಕರಿಗೆಂದು ಬರೆದದ್ದು, ಚೀನಾಕ್ಕೂ ನಡೆಯುತ್ತದೆ.

ನನ್ನ ತೀರ್ಪು ಕೇಳಿದರೆ, ಹುತ್ತದ ಆಕ್ಷೇಪ ಇಡೀ ಪಟ್ಟಿಯಲ್ಲೇ ಗಟ್ಟಿ. ಪೇಲಿಯ ಗಡಿಯಾರಕ್ಕೂ ಅದು ಹಾಗೇ ಅನ್ವಯಿಸುತ್ತದೆ. ಜಿನಸೇನನ "ಎಲ್ಲಿ ನಿಂತಿದ್ದ?" ಕೇಳಲು ಚುರುಕಾಗಿದೆ, ಆದರೆ ದೇಹವೇ ಇಲ್ಲದ ನ್ಯಾಯದ ಈಶ್ವರನಿಗೆ ಅದು ಪೆಟ್ಟೇ ಅಲ್ಲ. ನೀವು ಒಪ್ಪದಿದ್ದರೆ ಉದಯನನ ಪರವಾಗಿ ಒಂದು ಪುಟ ಬರೆದು ನೋಡಿ.

ಹೆಜ್ಜೆ 9: ಎರಡನೇ ಸುತ್ತು

ಮೊದಲ ಪ್ರಶ್ನೆ ಒಂದು ಹದಕ್ಕೆ ಬಂದ ಮೇಲೆ ಎರಡನೆಯದಕ್ಕೆ ಹೋಗಿ: ದೇವರಿದ್ದರೆ ಇಷ್ಟು ನೋವು ಯಾಕೆ, ಅದೂ ಇಷ್ಟು ಅಸಮವಾಗಿ ಯಾಕೆ? ಬ್ರಹ್ಮಸೂತ್ರ 2.1.34ರಿಂದ ಶುರು ಮಾಡಿ. ದೇವರಿಗೆ ಪಕ್ಷಪಾತ, ಕ್ರೌರ್ಯದ ದೋಷ ಬರುವುದಿಲ್ಲ, ಅವನು ಜೀವಿಗಳ ಕರ್ಮವನ್ನು ನೋಡಿಯೇ ಸೃಷ್ಟಿಸುತ್ತಾನೆ ಎಂಬುದು ಸೂತ್ರದ ಮಾತು. ಶಂಕರ, ರಾಮಾನುಜ, ಮಧ್ವ ಮೂವರ ಭಾಷ್ಯವೂ ಸಿಗುವುದರಿಂದ ಜಗಳಕ್ಕೆ ಕೊರತೆ ಇಲ್ಲ.

ಅದರ ಪಕ್ಕದಲ್ಲಿ ಬಸ್ರಾದ ಒಂದು ಕಥೆ ಇಡಿ. 10ನೇ ಶತಮಾನದ ಇಸ್ಲಾಮಿನ ಚಿಂತಕ ಅಶ್ಅರಿ ತನ್ನ ಗುರು ಜುಬ್ಬಾಯಿಯನ್ನು ಕೇಳಿದನಂತೆ. ಮೂವರು ಅಣ್ಣತಮ್ಮಂದಿರು. ಒಬ್ಬ ಧರ್ಮಿಷ್ಠ, ಒಬ್ಬ ದುಷ್ಟ, ಒಬ್ಬ ಮಗುವಾಗಿದ್ದಾಗಲೇ ಸತ್ತ. ನಾನೂ ಬದುಕಿದ್ದರೆ ಸ್ವರ್ಗ ಗಳಿಸುತ್ತಿದ್ದೆ ಎಂದು ಮಗು ಕೇಳಿದರೆ? ನೀನು ದೊಡ್ಡವನಾದರೆ ಕೆಟ್ಟುಹೋಗುತ್ತೀಯ ಎಂದು ಗೊತ್ತಿತ್ತು, ನಿನ್ನ ಒಳ್ಳೆಯದಕ್ಕೇ ಕರೆದುಕೊಂಡೆ ಎನ್ನುತ್ತಾನೆ ದೇವರು. ಆಗ ನರಕದಿಂದ ದುಷ್ಟ ಕೂಗುತ್ತಾನೆ: ನನ್ನ ವಿಷಯವೂ ಗೊತ್ತಿತ್ತಲ್ಲ, ನನ್ನನ್ನೂ ಮಗುವಾಗಿದ್ದಾಗಲೇ ಯಾಕೆ ಕರೆದುಕೊಳ್ಳಲಿಲ್ಲ? ಗುರುವಿಗೆ ಉತ್ತರ ಹೊಳೆಯಲಿಲ್ಲ ಎನ್ನುತ್ತದೆ ಕಥೆ.

ಕರ್ಮವನ್ನು ನಂಬುವವನು ಈ ಮೂವರಿಗೆ ಏನು ಹೇಳುತ್ತಾನೆ ಎಂದು ಒಂದು ಪುಟ ಬರೆಯಿರಿ. ಆಮೇಲೆ ಅಶ್ಅರಿಯ ಕಡೆಗೆ ಹೋಗಿ ನಿಂತು ಆ ಪುಟಕ್ಕೆ ಒಂದೇ ಪ್ರಶ್ನೆ ಹಾಕಿ: ಎಲ್ಲಕ್ಕಿಂತ ಮೊದಲಿನ ಕರ್ಮ ಎಲ್ಲಿಂದ ಬಂತು? ಬ್ರಹ್ಮಸೂತ್ರ ಬರೆದ ಬಾದರಾಯಣ ಈ ಪ್ರಶ್ನೆಯನ್ನು ತಾನೇ ಎತ್ತಿಕೊಂಡು 2.1.35ರಲ್ಲಿ ಉತ್ತರ ಕೊಟ್ಟಿದ್ದಾನೆ. ಆ ಉತ್ತರವನ್ನು ಹೆಜ್ಜೆ 3ರ ಹಾಗೆ ಬಿಡಿಸಿ ಬರೆದುಕೊಂಡು ಮುಂದೆ ಹೋಗಿ.